ಬಲಗಡೆಯ ಜೇಬು

ನನ್ನ ಅಂಗಿಗಳಿಗೆಲ್ಲ ಜೇಬು ಬಲಗಡೆ. ಮದುವೆ ಮನೆಯಲ್ಲೋ ಬಸ್ಸಿನಲ್ಲೋ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ, "ಎಂತ ಮಾರಾಯ್ರೆ, ಅಂಗಿ ಮಗುಚಿ ಹಾಕಿದ್ದೀರಾ?" ನಾನು ಎಡಗೈಯವ, ಎಡಗೈ ಸಲೀಸಾಗಿ ಹೋಗುವುದು ಬಲಗಡೆಯ ಜೇಬಿಗೆ ಎಂದು ವಿವರಿಸುತ್ತೇನೆ. ಎಡಗೈಯವರು ಯಾರಾದರೂ ಇದನ್ನು ಓದುತ್ತಿದ್ದರೆ ನಾಳೆಯೇ ನಿಮ್ಮ ಟೈಲರಿಗೆ ಹೇಳಿ. ಹೆಚ್ಚಿನ ಖರ್ಚೇನೂ ಇಲ್ಲ, ಸುಖ ಮಾತ್ರ ದೊಡ್ಡದು.

ಇದನ್ನು ಕಂಡುಹಿಡಿದವ ನಾನಲ್ಲ. ಸುಳ್ಯದಲ್ಲಿ ನನ್ನ ಗುಜರಿ ಅಂಗಡಿಯ ಗೋಡೆಗೆ ತಾಗಿಕೊಂಡು ಒಂದು ಹೊಲಿಗೆ ಅಂಗಡಿ ಇತ್ತು. ಅದರ ಟೈಲರು ಬ್ಯಾರಿ ಮುಸಲ್ಮಾನರು, ನನಗಿಂತ ಏಳೆಂಟು ವರ್ಷ ದೊಡ್ಡವರು. ನಾನು ಅವರನ್ನು 'ಕಾಕ' ಎನ್ನುತ್ತಿದ್ದೆ, ಅವರು ನನ್ನನ್ನು 'ಗೌಡ್ರೆ' ಎನ್ನುತ್ತಿದ್ದರು. ಅವರು ತೀರಿಕೊಂಡು ಎರಡು ತಿಂಗಳಾಯಿತು. ಒಳ್ಳೆಯ ಮನುಷ್ಯ, ಒಳ್ಳೆಯ ಕೆಲಸಗಾರ ಎಂದು ನಾಲ್ಕು ಸಾಲು ಬರೆದು ಕೈ ತೊಳೆದುಕೊಳ್ಳಬಹುದಿತ್ತು. ಆದರೆ ನಾನು ಜೀವಮಾನವಿಡೀ ತೂಗಿ ಬದುಕಿದವ. ತಕ್ಕಡಿಗೆ ಬೆರಳು ತಾಗಿಸಿದ್ದು ಗಿರಾಕಿಗೆ ಗೊತ್ತಾಗದಿದ್ದರೂ ತೂಗಿದವನಿಗೆ ಗೊತ್ತಿರುತ್ತದೆ.

ಅಂಗಡಿ ಹಾಕಿದ ಹೊಸತರಲ್ಲಿ ಅವರ ಕೈಯಲ್ಲಿ ಒಂದು ಅಂಗಿ ಹೊಲಿಸಿದೆ. ಬಿಡಿಸಿ ನೋಡಿದರೆ ಜೇಬು ಆಚೆ ಕಡೆ. ನನಗೆ ಒಳಗೊಳಗೆ ಖುಷಿ, ಕೂಲಿ ಇಳಿಸಲಿಕ್ಕೆ ಕಾರಣ ಸಿಕ್ಕಿತಲ್ಲ ಎಂದು.

"ಕಾಕ, ಜೇಬು ತಪ್ಪಿದೆ."

"ತಪ್ಪಲಿಲ್ಲ."

"ಇಡೀ ಸುಳ್ಯದಲ್ಲಿ ಯಾರ ಜೇಬು ಈ ಕಡೆ ಉಂಟು?"

"ಇಡೀ ಸುಳ್ಯದಲ್ಲಿ ಎಡಗೈಯಲ್ಲಿ ಹಗ್ಗ ಕತ್ತರಿಸುವವರು ಯಾರುಂಟು? ಒಂದು ವಾರ ಹಾಕಿ ನೋಡಿ. ಆಮೇಲೆ ಮಾತಾಡುವ."

ವಾರ ಕಳೆದ ಮೇಲೆ ನಾನು ಮಾತಾಡಲಿಕ್ಕೆ ಹೋಗಲಿಲ್ಲ. ಎಡಗೈಯಲ್ಲಿ ಬರೆದದ್ದಕ್ಕೆ ಶಾಲೆಯಲ್ಲಿ ಬೆರಳಿನ ಗಂಟಿನ ಮೇಲೆ ಪೆಟ್ಟು ತಿಂದವ ನಾನು. ಮನೆಯಲ್ಲಿ ಆ ಕೈಯಿಂದ ಯಾರಿಗೂ ಏನೂ ಕೊಡುವ ಹಾಗಿರಲಿಲ್ಲ. ಅದನ್ನು ನೋಡಿ ಬಯ್ಯದೆ, ಅದಕ್ಕೊಂದು ಜಾಗ ಮಾಡಿಕೊಟ್ಟ ಮೊದಲನೆಯವರು ಅವರು.

ಅಳತೆ ತೆಗೆಯುವಾಗ ಅವರದ್ದೊಂದು ಕ್ರಮ ಇತ್ತು. ಎಲ್ಲರೂ ಹೊಟ್ಟೆ ಒಳಗೆ ಎಳೆದುಕೊಂಡು ಪೋಲೀಸಿನವರ ಹಾಗೆ ನಿಲ್ಲುತ್ತಾರೆ, ಅಲ್ವಾ? ಕಾಕ ಟೇಪು ಹಿಡಿದುಕೊಂಡು ಸುಮ್ಮನೆ ಕಾಯುತ್ತಿದ್ದರು. ಒಮ್ಮೆ ಒಬ್ಬ ದಪ್ಪ ಕಂಟ್ರಾಕ್ಟರಿಗೆ, "ಉಸಿರು ಬಿಡಿ ಧಣಿಗಳೆ. ಅಂಗಿ ಹಾಕುದು ನೀವು ಉಸಿರು ಬಿಟ್ಟ ಮೇಲೆ ಅಲ್ವಾ?" ಎಂದರು. ಅವಸರ ಮಾಡಿದವರಿಗೆ ಒಂದೇ ಉತ್ತರ: "ಮಂಗಳೂರಿನಲ್ಲಿ ರೆಡಿಮೇಡ್ ಉಂಟು. ಈಗ ಹೊರಟರೆ ಬಸ್ಸು ಸಿಗ್ತದೆ."

ರವಿಕೆಯ ಅಳತೆಯನ್ನು ಅವರು ಮೊದಲು ಕಾಗದದಲ್ಲಿ ಕತ್ತರಿಸಿ ಮೊಳೆಗೆ ನೇತುಹಾಕುತ್ತಿದ್ದರು. ಆ ಕಾಗದ ನನ್ನಲ್ಲಿಂದ ಹೋಗುತ್ತಿತ್ತು. ನಮ್ಮ ಕಥೆ ಶುರುವಾದದ್ದು ಅಲ್ಲಿ.

ಎಂಬತ್ತರ ದಶಕದ ಮೊದಲ ವರ್ಷಗಳು. ಪಣಂಬೂರಿನ ಹೊಸ ಬಂದರಿಗೆ ಅದಿರು ಒಯ್ಯುವ ಜಪಾನಿನ ಹಡಗುಗಳು ಬರುತ್ತಿದ್ದವು. ಹಡಗಿನವರು ಓದಿ ಬಿಸಾಡಿದ ಪುಸ್ತಕಗಳು ಬಂದರಿನ ಒಂದು ಗೋಡೌನಿನಲ್ಲಿ ಗೋಣಿಗಟ್ಟಲೆ ಬಿದ್ದಿದ್ದವು. ಒಂದೊಂದು ಪುಸ್ತಕ ಕೆಂಪುಕಲ್ಲಿನಷ್ಟು ದಪ್ಪ, ಒಳಗೆ ಒರಟು ಕಾಗದ, ಕೆಲವು ಹಾಳೆ ಗುಲಾಬಿ, ಕೆಲವು ತಿಳಿ ಹಸಿರು. ಪುಟ ತುಂಬ ಚೌಕ ಚೌಕದೊಳಗೆ ಚಿತ್ರ. ಅದಕ್ಕೆ ಮಾಂಗಾ ಎನ್ನುತ್ತಾರೆಂದು ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಆಗ ನಮಗೆ ಅದು ಜಪಾನಿನ ಬುಕ್ಕು.

ನಾನು ರೇಟು ಇಳಿಸಲಿಕ್ಕೆ ಶುರು ಮಾಡಿದೆ. "ಇದು ಎಂತ ಭಾಷೆಯೋ, ಯಾರಿಗೂ ಓದಲಿಕ್ಕೆ ಬರುದಿಲ್ಲ."

"ನೀನು ಓದಲಿಕ್ಕಾ ತೆಗೊಳ್ಳುದು?" ಎಂದರು ಗೋಡೌನಿನ ಸಾಹುಕಾರರು. "ಒಣಮೀನು ಕಟ್ಟಲಿಕ್ಕೆ ಭಾಷೆ ಯಾಕೆ ಮಾರಾಯ?"

ಅವರ ಮಾತೂ ಸರಿಯೇ. ತೆಗೆದುಕೊಂಡೆ.

ಸುಳ್ಯದಲ್ಲಿ ಗೋಣಿ ಬಿಚ್ಚಿದ ದಿನ ಪೇಟೆಯ ನಾಲ್ಕೈದು ಜನ ಬಂದು ಪುಟ ಮಗುಚಿದರು. ಮೊದಲ ಪುಟದಲ್ಲೇ ಒಬ್ಬ ಸತ್ತುಬಿದ್ದಿದ್ದ, ಹತ್ತು ಪುಟ ಕಳೆದರೆ ಅವನೇ ಎದ್ದು ಕತ್ತಿ ಬೀಸುತ್ತಿದ್ದ. "ಜಪಾನಿನವರಿಗೆ ತಲೆ ಸರಿ ಇಲ್ಲ" ಎಂದು ನಗಾಡಿ ಎದ್ದುಹೋದರು. ಕಾಕ ಕಾಗದ ಆರಿಸಲಿಕ್ಕೆ ಬಂದವರು ಒಂದು ಪುಸ್ತಕ ಎತ್ತಿಕೊಂಡರು. ಅದನ್ನು ಮಗುಚಿ, ನಾವೆಲ್ಲ ಕೊನೆಯ ರಟ್ಟು ಎಂದುಕೊಂಡಿದ್ದ ಕಡೆಯಿಂದ ತೆರೆದರು. ಮೂರು ಪುಟ ನೋಡಿದರು. ಅಲ್ಲೇ ಗೋಣಿಯ ಮೇಲೆ ಕೂತರು.

"ಗೌಡ್ರೆ, ಇದು ಈ ಕಡೆಯಿಂದ."

"ಯಾರು ಹೇಳಿದ್ದು?"

"ಯಾರೂ ಹೇಳ್ಲಿಲ್ಲ. ನಾವು ಓದುದೇ ಈ ಕಡೆಯಿಂದ."

ಕನ್ನಡ ಶಾಲೆಯಲ್ಲಿ ಅವರು ಮೂರನೇ ಕ್ಲಾಸು. ಉಳಿದದ್ದು ಮದ್ರಸದಲ್ಲಿ ಅರಬಿ ಅಕ್ಷರ, ಬಲದಿಂದ ಎಡಕ್ಕೆ. ಓದಿದವರು, ಪೇಪರು ತರಿಸುವವರು, ಎಲ್ಲರೂ ಬಾಲದಿಂದ ಹಿಡಿದ ಪುಸ್ತಕವನ್ನು ತಲೆಯಿಂದ ಹಿಡಿದವರು ಅವರೊಬ್ಬರೇ. ಆ ಗೋಣಿಯ ಒಳ್ಳೊಳ್ಳೆಯ ಬುಕ್ಕುಗಳನ್ನು ನಾನು ಅವರಿಗೆ ಬಿಟ್ಟುಕೊಟ್ಟೆ. ನಾನು ಯಾರಿಗಾದರೂ ಏನಾದರೂ ಬಿಟ್ಟುಕೊಟ್ಟದ್ದು ಕಡಿಮೆ, ಅದಕ್ಕೇ ಹೇಳುತ್ತಿದ್ದೇನೆ.

ಮಧ್ಯಾಹ್ನ ಊಟವಾದ ಮೇಲೆ ಪೇಟೆ ತೂಕಡಿಸುವ ಒಂದು ಗಂಟೆ ಉಂಟಲ್ಲ, ಆಗ ನಾವಿಬ್ಬರೂ ಕೂತು ಬುಕ್ಕು ನೋಡುತ್ತಿದ್ದೆವು. ಅವರು ಬೆರಳಿಟ್ಟು ಕಥೆ ಹೇಳುತ್ತಿದ್ದರು. ಅಕ್ಷರ ಬಂದಲ್ಲಿ ಬಿಟ್ಟು ಮುಂದೆ ಹೋಗುತ್ತಿದ್ದರು. "ಇವ ಸಿಟ್ಟಿನಲ್ಲಿದ್ದಾನೆ. ಇವಳಿಗೆ ಗೊತ್ತುಂಟು, ಆದ್ರೆ ಗೊತ್ತಿಲ್ಲದ ಹಾಗೆ ಮಾಡ್ತಾಳೆ." ಒಮ್ಮೆ ಒಂದು ಪುಟದಲ್ಲಿ ಜನರೂ ಇಲ್ಲ ಮಾತೂ ಇಲ್ಲ, ಬರೀ ಒಂದು ಖಾಲಿ ಬೆಂಚು. ನಾನು ಮಗುಚಲಿಕ್ಕೆ ಹೋದೆ. ಅವರು ಕೈ ಹಿಡಿದರು. "ಅವಸರ ಬೇಡ ಗೌಡ್ರೆ. ಇಲ್ಲಿ ಅವಳು ಎದ್ದು ಹೋಗಿದ್ದಾಳೆ. ಇಲ್ಲದವರನ್ನು ಹೀಗೆ ಬರೆಯುದು."

ಹಾಗೆ ನೋಡುತ್ತ ನೋಡುತ್ತ ತಾವೇ ಚಿತ್ರ ಬರೆಯಲಿಕ್ಕೂ ಹಿಡಿದರು. ಮೊದಲು ಕಪ್ಪು ಬಟ್ಟೆಯ ಮೇಲೆ ಹೊಲಿಗೆಯ ಸೀಮೆಸುಣ್ಣದಲ್ಲಿ, ಒರೆಸುವುದು, ಬರೆಯುವುದು, ಒರೆಸುವುದು. ಆಮೇಲೆ ಕಾಗದ, ಶಾಯಿ, ನಿಬ್ಬು. ಬುಕ್ಕಿನಲ್ಲಿ ನೆರಳು ಇರುವಲ್ಲಿ ಸಣ್ಣ ಸಣ್ಣ ಚುಕ್ಕೆಗಳಿದ್ದವು, ಎಲ್ಲ ಒಂದೇ ಅಳತೆ, ಒಂದೇ ಸಾಲು. ಇದನ್ನು ಕೈಯಲ್ಲಿ ಹೇಗೆ ಹಾಕುವುದು ಎಂದು ಅವರು ಒಂದು ತಿಂಗಳು ಯೋಚಿಸಿರಬೇಕು. ಒಂದು ದಿನ ಗೋಡೆಗೆ ಬಡಿದು ನನ್ನನ್ನು ಕರೆದರು. ಬಟ್ಟೆಯ ಮೇಲೆ ಗುರುತು ಹಾಕುವ, ಹಲ್ಲು ಹಲ್ಲಿನ ಒಂದು ಸಣ್ಣ ಚಕ್ರ ಟೈಲರುಗಳಲ್ಲಿ ಇರುತ್ತದೆ. ಅದನ್ನು ಶಾಯಿಯಲ್ಲಿ ಅದ್ದಿ ಕಾಗದದ ಮೇಲೆ ಉರುಳಿಸಿದರು. ಚುಕ್ಕೆಗಳ ಸಾಲು. ಮತ್ತೊಂದು ಸಾಲು. ಕಣ್ಣೆದುರೇ ಒಂದು ಗೋಡೆಗೆ ನೆರಳು ಬಿತ್ತು.

ನನಗೂ ಕಲಿಸಲಿಕ್ಕೆ ನೋಡಿದರು. ನಾನು ಬರೆದ ಮುಖ ನೋಡಿ, "ಇದು ಮನುಷ್ಯನಾ ಹಲಸಿನಕಾಯಿಯಾ?" ಎಂದು ಕೇಳಿದರು. ಆಮೇಲೆ ನನ್ನ ಕೈ ನೋಡಿ ಹೇಳಿದರು, "ನೀವು ಎಡದಿಂದ ಶುರು ಮಾಡಿದ್ರೆ ಬರೆದದ್ದರ ಮೇಲೆಯೇ ಕೈ ಹೋಗ್ತದೆ, ಶಾಯಿ ಹರಡ್ತದೆ. ಬಲದಿಂದ ಬನ್ನಿ. ಈ ಬುಕ್ಕು ನಿಮ್ಮ ಕೈಗೆ ಮಾಡಿದ್ದು ಗೌಡ್ರೆ." ನಿಜ, ಶಾಯಿ ಹರಡಲಿಲ್ಲ. ಮುಖ ಮಾತ್ರ ಹಲಸಿನಕಾಯಿಯಾಗಿಯೇ ಉಳಿಯಿತು.

ಎರಡು ವರ್ಷ ಕೂತು ಅವರು ಇಪ್ಪತ್ತನಾಲ್ಕು ಪುಟದ ಒಂದು ಕಥೆ ಬರೆದರು. ಒಂದಕ್ಷರ ಇಲ್ಲ, ಎಲ್ಲ ಚಿತ್ರ. ಅವರ ತಂದೆ ಮೊದಲ ಹೊಲಿಗೆ ಮಿಷನನ್ನು ಮನೆಗೆ ತಂದ ದಿನದ ಕಥೆ. ಮನೆ ಜಾಲ್ಸೂರಿನ ಹತ್ತಿರ, ಪಯಸ್ವಿನಿಯ ಆಚೆ ದಡದಲ್ಲಿ. ತಂದೆ ಮಿಷನನ್ನು ತಲೆಯ ಮೇಲೆ ಹೊತ್ತು ಸುಳ್ಯದಿಂದ ನಡೆದು ಬಂದರು. ಹೊಳೆಯಲ್ಲಿ ಎದೆಮಟ್ಟ ನೀರು. ಈ ದಡದಲ್ಲಿ ತಂದೆ. ಆ ದಡದಲ್ಲಿ, ಕಾಕನನ್ನು ಸೊಂಟದಲ್ಲಿ ಎತ್ತಿಕೊಂಡು ನಿಂತ ತಾಯಿ, ಅವರ ಉಮ್ಮ. ಬಲದಿಂದ ಎಡಕ್ಕೆ ಓದುವ ಕಥೆಯಾದ್ದರಿಂದ ತಂದೆ ಪುಟ ಪುಟದಲ್ಲೂ ಎಡಕ್ಕೆ ನಡೆಯುತ್ತಾರೆ. ಹೊಳೆಗೆ ಬಂದಾಗ ಒಂದು ಪುಟದಲ್ಲಿ ಎರಡೇ ಚೌಕ: ಬಲಗಡೆ ತಂದೆ, ಎಡಗಡೆ ಉಮ್ಮ, ಒಬ್ಬರನ್ನೊಬ್ಬರು ನೋಡುತ್ತ. ಅದರ ಮುಂದಿನ ಎರಡು ಪುಟಕ್ಕೂ ಸೇರಿ ಒಂದೇ ಚಿತ್ರ, ಬರೀ ನೀರು. ಆಮೇಲೆ ಜಗಲಿಯಲ್ಲಿ ಮಿಷನು, ಅದರಿಂದ ತೊಟ್ಟಿಕ್ಕುವ ನೀರು.

"ದಾಟಿದ್ದನ್ನು ಯಾಕೆ ಬರೆಯಲಿಲ್ಲ ಕಾಕ?"

"ಉಮ್ಮ ಆವಾಗ ಕಣ್ಣು ಮುಚ್ಚಿದ್ರಂತೆ. ಅವರು ಕಾಣದ್ದನ್ನು ನಾನು ಹೇಗೆ ಬರೆಯುದು?"

ಉಮ್ಮ ಆಗ ಇದ್ದರು, ವಯಸ್ಸಾಗಿತ್ತು. ಕನ್ನಡ ಅಕ್ಷರ ಗೊತ್ತಿಲ್ಲ. ಓದುವುದೇನಿದ್ದರೂ ಅರಬಿ ಅಕ್ಷರದಲ್ಲಿ. ಅವರಿಗೆ ಇದನ್ನು ತೋರಿಸಬೇಕು ಎನ್ನುವುದೊಂದೇ ಕಾಕನಿಗೆ ಇದ್ದದ್ದು. ಈಗಲೇ ತೋರಿಸಿ ಎಂದೆ. "ಕೈಯಲ್ಲಿ ಬರೆದದ್ದನ್ನು ಮಕ್ಕಳಾಟ ಅಂತಾರೆ. ಅಚ್ಚಾದ್ರೆ ಕಿತಾಬು. ಅಚ್ಚಾದ ಮೇಲೆ ಕೈಯಲ್ಲಿ ಕೊಡುದು" ಎಂದರು.

ಅಚ್ಚು ಎಂದ ಕೂಡಲೇ ನಾನು ಎದ್ದು ನಿಂತೆ. ಪುತ್ತೂರಿನಲ್ಲಿ ಒಂದು ಸಣ್ಣ ಪತ್ರಿಕೆ ಇತ್ತು, ಅದರ ಪ್ರೆಸ್ಸಿನ ಕತ್ತರಿಸಿದ ಕಾಗದವನ್ನೆಲ್ಲ ಕೊಳ್ಳುತ್ತಿದ್ದವ ನಾನೇ. ದೀಪಾವಳಿ ಸಂಚಿಕೆಗೆ ಹಾಕಿಸುವ ಜವಾಬ್ದಾರಿ ನನ್ನದು ಎಂದೆ. ಕಾಕ ಪುಟಗಳನ್ನು ಒಂದು ಬಿಳಿ ಪಂಚೆಯಲ್ಲಿ ಸುತ್ತಿ ಕೊಟ್ಟರು. ಕೊಡುವಾಗ ಹೇಳಿದ್ದು ಒಂದೇ ಮಾತು. "ಉಮ್ಮ ಈ ಕಡೆಯಿಂದ ಓದುದು, ಗೌಡ್ರೆ. ಪ್ರೆಸ್ಸಿನವರಿಗೆ ಹೇಳಿ."

ನಾನು ಹೇಳಲಿಲ್ಲ. ಬಸ್ಸಿನಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಯಾವ ಪುಟದಲ್ಲಿ ಹಾಕಿಸುವುದು, ಹೆಸರು ಎಷ್ಟು ದೊಡ್ಡದಾಗಿ ಹಾಕಿಸುವುದು ಎಂಬ ಚೌಕಾಸಿ ಮಾತ್ರ.

ಸಂಪಾದಕರು ಪುಟಗಳನ್ನು ನೋಡಿದರು. "ಕೈ ಉಂಟು ಇವರಿಗೆ" ಎಂದರು. "ಆದ್ರೆ ಹಿಂದು ಮುಂದು ಉಂಟಲ್ಲ ಇದು. ಬರೆದವರಿಂದ ಎಡದಿಂದ ಬಲಕ್ಕೆ ಮಾಡಿಸಿ ತನ್ನಿ. ಜಾಗ ಇಪ್ಪತ್ತೆರಡು ಪುಟಕ್ಕೆ ಮಾತ್ರ. ಬುಧವಾರದ ಒಳಗೆ ಆದ್ರೆ ಹಾಕುವ."

ಬುಧವಾರಕ್ಕೆ ಮೂರು ದಿನ ಇತ್ತು. ಸುಳ್ಯಕ್ಕೆ ಒಂದು ಬಸ್ಸಿನ ದಾರಿ. ಆದರೆ ಕುದುರಿದ ವ್ಯಾಪಾರವನ್ನು ಬಾಗಿಲಲ್ಲಿ ನಿಲ್ಲಿಸಿ ಬರುವವನಲ್ಲ ನಾನು. ಸಂಪಾದಕರು ಊಟಕ್ಕೆ ಹೋದರು. ಮೇಜಿನ ಮೇಲೆ ಕತ್ತರಿ ಇತ್ತು, ಅಂಟು ಇತ್ತು. ಚೌಕಗಳನ್ನು ಒಂದೊಂದಾಗಿ ಕತ್ತರಿಸಿದೆ. ಬಲದ್ದನ್ನು ಎಡಕ್ಕೆ, ಎಡದ್ದನ್ನು ಬಲಕ್ಕೆ ಇಟ್ಟು ಬೇರೆ ಹಾಳೆಗೆ ಅಂಟಿಸಿದೆ. ಎರಡು ಪುಟ ಹೆಚ್ಚಿತ್ತು. ಯಾವುದನ್ನು ತೆಗೆಯುವುದು ಎಂದು ನನಗೆ ಒಂದು ನಿಮಿಷವೂ ಬೇಕಾಗಲಿಲ್ಲ. ನೀರಿನದ್ದು. ಅದರಲ್ಲಿ ಯಾರೂ ಇರಲಿಲ್ಲ, ಏನೂ ಆಗುತ್ತಿರಲಿಲ್ಲ. ಹರಿದು ಬುಟ್ಟಿಗೆ ಹಾಕಿದೆ. ಎಲ್ಲ ಮುಗಿಸಿ ಅಂಟು ಕೈ ಒರೆಸಿಕೊಳ್ಳುವಾಗ ನನಗೆ ನಿಜಕ್ಕೂ ಹೆಮ್ಮೆಯಾಯಿತು ಎಂಬುದನ್ನೂ ಬರೆಯಬೇಕು.

ಸಂಪಾದಕರು ವೀಳ್ಯ ಜಗಿಯುತ್ತ ಬಂದು ನೋಡಿದರು. ತುಂಬ ಹೊತ್ತು ನೋಡಿದರು.

"ಇವರು ಗಂಡ ಹೆಂಡತಿಯಾ?"

"ಹೌದು."

"ಜಗಳ ಎಂತದು? ಬೆನ್ನಿಗೆ ಬೆನ್ನು ಹಾಕಿ ನಿಂತಿದ್ದಾರಲ್ಲ."

ಆಗ ನೋಡಿದೆ. ಎಡಕ್ಕೆ ನೋಡುತ್ತಿದ್ದ ತಂದೆ ಈಗ ಎಡಗಡೆ ಇದ್ದರು. ಬಲಕ್ಕೆ ನೋಡುತ್ತಿದ್ದ ಉಮ್ಮ ಬಲಗಡೆ. ಒಬ್ಬರ ಬೆನ್ನು ಇನ್ನೊಬ್ಬರಿಗೆ.

"ಮತ್ತೆ ಈ ಮನುಷ್ಯ ಎಲ್ಲಿಗೆ ಹೋಗುದು?" ಸಂಪಾದಕರು ಪುಟ ಮಗುಚಿದರು. "ನಾವು ಮುಂದೆ ಮುಂದೆ ಓದಿದ ಹಾಗೆ ಇವ ಹಿಂದೆ ಹಿಂದೆ ಹೋಗ್ತಾನಲ್ಲ. ಮಿಷನನ್ನು ಅಂಗಡಿಗೆ ವಾಪಸು ಕೊಡಲಿಕ್ಕಾ?"

ಹೊಳೆಯೂ ಇರಲಿಲ್ಲ. ಬೆನ್ನು ಹಾಕಿದ ಇಬ್ಬರು, ಮರುಪುಟದಲ್ಲಿ ಜಗಲಿಯ ಮೇಲೊಂದು ಒದ್ದೆ ಮಿಷನು. ಸಂಪಾದಕರು ಪುಟಗಳನ್ನು ವಾಪಸು ಕೊಟ್ಟರು. ಆ ಜಾಗಕ್ಕೆ ದೀಪಾವಳಿ ಸಂಚಿಕೆಯಲ್ಲಿ ಅಡುಗೆ ಸ್ಪರ್ಧೆಯ ಬಹುಮಾನಿತರ ಫೋಟೋಗಳು ಬಂದವು.

ಸುಳ್ಯಕ್ಕೆ ಮರಳಿದಾಗ ಕಾಕ ಮಿಷನಿನ ಎದುರು ಕೂತು ಗುಂಡಿ ಹಚ್ಚುತ್ತಿದ್ದರು. ಪಂಚೆ ಬಿಚ್ಚಿ ವಾಡಿಕೆಯಂತೆ ಬಲಗಡೆಯಿಂದ ತೆರೆದರು. ಮೊದಲ ಪುಟದಲ್ಲೇ ಕೈ ನಿಂತಿತು.

"ಯಾರು ಕತ್ತರಿಸಿದ್ದು?"

ಬಸ್ಸಿನಲ್ಲಿ ಬರುವಾಗ ನಾನು ಉತ್ತರ ತಯಾರು ಮಾಡಿ ಇಟ್ಟುಕೊಂಡಿದ್ದೆ. "ಪ್ರೆಸ್ಸಿನವರು. ನಾನು ಎಷ್ಟು ಹೇಳಿದ್ರೂ ಕೇಳ್ಲಿಲ್ಲ ಕಾಕ."

ಅವರು ಒಂದು ಚೌಕದ ಅಂಚಿನ ಮೇಲೆ ಹೆಬ್ಬೆರಳು ಓಡಿಸಿದರು. ಇನ್ನೊಂದರ ಮೇಲೂ ಓಡಿಸಿದರು. ಬಟ್ಟೆಯ ಅಂಚು ನೋಡುವ ಹಾಗೆ ಬೆಳಕಿಗೆ ಹಿಡಿದರು.

"ಹೊಳೆ ಎಲ್ಲಿ?"

"ಅದರಲ್ಲಿ ಯಾರೂ ಇರಲಿಲ್ಲವಲ್ಲ ಕಾಕ. ಬರೀ ನೀರು."

ಹೇಳಿದ ಮೇಲೆ ನಾಲಗೆ ಕಚ್ಚಿಕೊಂಡೆ. ಕಾಕ ನನ್ನ ಮುಖ ನೋಡಿದರು, ಕೈ ನೋಡಿದರು. ಪಂಚೆಯನ್ನು ಮೊದಲಿದ್ದ ಹಾಗೆಯೇ ಮಡಚಿ ಸುತ್ತಿದರು. "ಊಟ ಆಯ್ತಾ ಗೌಡ್ರೆ?" ಎಂದು ಕೇಳಿದರು.

ಬಲಗೈಯವರಿಗೆ ಮಾಡಿದ ಕತ್ತರಿಯನ್ನು ಎಡಗೈಯಲ್ಲಿ ಹಿಡಿದರೆ ಅಂಚು ಇಲಿ ಕಚ್ಚಿದ ಹಾಗೆ ಬರುತ್ತದೆ ಎಂದು ಬಹಳ ಕಾಲದ ಮೇಲೆ ಇನ್ನೊಬ್ಬ ಟೈಲರು ನನಗೆ ಹೇಳಿದ. ಕೆಲಸ ಗೊತ್ತಿದ್ದವರಿಗೆ ಬೆರಳಿಗೇ ತಿಳಿಯುತ್ತದಂತೆ. ಮಂಗಳೂರಿನಲ್ಲಿ ಅಚ್ಚಿನ ಬ್ಲಾಕು ಮಾಡುವವನೊಬ್ಬ ಇನ್ನೊಂದು ಹೇಳಿದ: "ಕತ್ತರಿ ಯಾಕೆ ಬೇಕಿತ್ತು ಮಾರಾಯ್ರೆ? ನೆಗೆಟಿವ್ ಮಗುಚಿ ಹಾಕಿದ್ರೆ ಇಡೀ ಚಿತ್ರವೇ ತಿರುಗ್ತಿತ್ತು. ಐದು ನಿಮಿಷದ ಕೆಲಸ." ಯಾರಿಗೆ ಯಾವ ಕೆಲಸ ಗೊತ್ತು ಎಂದು ಕೇಳಿ ತಿಳಿದುಕೊಂಡೇ ಮೇಲೆ ಬಂದವ ನಾನು. ಅವತ್ತು ಒಬ್ಬನನ್ನೂ ಕೇಳಲಿಲ್ಲ. ಬೇರೆಯವರ ವಸ್ತುವಿಗೆ ಕೈ ಹಾಕುವ ಮೊದಲು ವಿಚಾರಿಸಿ ಎಂದು ಈಗ ಕಂಡವರಿಗೆಲ್ಲ ಉಪದೇಶ ಮಾಡುತ್ತೇನೆ. ಎಲ್ಲಿ ಕಲಿತೆ ಎಂದು ಹೇಳುವುದಿಲ್ಲ.

ಇನ್ನೂ ಒಂದು ಉಂಟು. ಮುಂದಿನ ವಾರ ಪುತ್ತೂರಿನ ಪ್ರೆಸ್ಸಿನಿಂದ ಕತ್ತರಿಸಿದ ಕಾಗದದ ಚೀಲ ಯಾವಾಗಲೂ ಬರುವ ಹಾಗೆ ನನ್ನ ಅಂಗಡಿಗೇ ಬಂತು. ಹೊಳೆ ಅದರೊಳಗೆ ಇದ್ದಿರಬೇಕು. ಎರಡು ತುಂಡು, ನಾಲ್ಕು ತುಂಡು, ಹುಡುಕಿದರೆ ಸಿಗುತ್ತಿತ್ತು. ಆದರೆ ಗೋಡೆಯ ಆಚೆ ಕಾಕನ ಮಿಷನು ಓಡುತ್ತಿತ್ತು. ನಾನು ಚೀಲ ಬಿಚ್ಚಿ ಹುಡುಕಿದರೆ, ಏನು ಹುಡುಕುತ್ತೀರಿ ಎಂದು ಅವರು ಬಂದು ಕೇಳಿದರೆ? ಚೀಲದ ಬಾಯಿಯನ್ನು ಇನ್ನೊಂದು ಸುತ್ತು ಬಿಗಿದು ಕಾಗದದ ಮಿಲ್ಲಿಗೆ ಹೋಗುವ ಲಾರಿಗೆ ಹಾಕಿಸಿದೆ. ಕತ್ತರಿಸಿದ್ದು ಗೊತ್ತಿಲ್ಲದೆ. ಇದು ಗೊತ್ತಿದ್ದು.

ಕಾಕ ಮತ್ತೆ ಚಿತ್ರ ಬರೆದದ್ದನ್ನು ನಾನು ಕಾಣಲಿಲ್ಲ. ಜಪಾನಿನ ಬುಕ್ಕುಗಳೂ ಬರುವುದು ನಿಂತಿತು. ಮಾತುಕತೆಗೆ ಏನೂ ಕಡಿಮೆಯಾಗಲಿಲ್ಲ, ಅದೇ ನನಗೆ ಕಷ್ಟವಾದದ್ದು. ಆ ವರ್ಷವೇ ಇನ್ನೊಂದು ಅಂಗಿ ಹೊಲಿಸಿದೆ. ಜೇಬು ಎಲ್ಲಿ ಇಟ್ಟಿರಬಹುದು ಎಂದು ಹೆದರಿಕೊಂಡೇ ಬಿಡಿಸಿದೆ. ಬಲಗಡೆಯೇ ಇತ್ತು, ಮೊದಲಿಗಿಂತ ಸ್ವಲ್ಪ ಆಳವಾಗಿ.

ಅವರು ತೀರಿಕೊಂಡ ಮೂರನೇ ದಿನ ಜಾಲ್ಸೂರಿನ ಮನೆಗೆ ಹೋದೆ. ಈಗ ಹೊಳೆಗೆ ಸೇತುವೆ ಉಂಟು. ಅವರ ಮಗ ಚಾ ಕೊಟ್ಟು, ಒಳಗಿನಿಂದ ಬಟ್ಟೆಯದ್ದೊಂದು ಪುಸ್ತಕ ತಂದು ನನ್ನ ಮಡಿಲಲ್ಲಿ ಇಟ್ಟ. ಬಲದಿಂದ ತೆರೆಯುವಂಥದ್ದು.

ನಾನು ಅಂಟಿಸಿದ್ದನ್ನೆಲ್ಲ ಕಾಕ ನೆನೆಸಿ ಬಿಡಿಸಿದ್ದರು. ಚೌಕಗಳನ್ನು ಮೊದಲಿನ ಜಾಗಕ್ಕೆ ತಂದು, ಒಂದೊಂದನ್ನೂ ಬಿಳಿ ಬಟ್ಟೆಯ ಮೇಲಿಟ್ಟು ಮಿಷನಿನಲ್ಲಿ ಸುತ್ತ ಹೊಲಿದಿದ್ದರು. ತಂದೆ ಎಡಕ್ಕೆ ನಡೆದರು. ಉಮ್ಮ ಮತ್ತು ತಂದೆ ಒಬ್ಬರನ್ನೊಬ್ಬರು ನೋಡಿದರು. ಪ್ರತಿ ಚಿತ್ರದ ಅಂಚಿನಲ್ಲೂ ಇಲಿ ಕಚ್ಚಿದ ಗುರುತು ಇತ್ತು. ಹೊಳೆಯ ಜಾಗದಲ್ಲಿ ಎರಡು ಪುಟ ಬರೀ ಬಿಳಿ ಬಟ್ಟೆ.

"ಅಜ್ಜಿ ದಿನಾ ಇದನ್ನು ನೋಡ್ತಿದ್ರು" ಎಂದ ಮಗ. "ಬೆರಳಿಟ್ಟು ಇಟ್ಟು. ಈ ಬಿಳಿ ಬಂದಾಗ, ಇಲ್ಲಿ ಎಂತ ಇತ್ತು ಅಂತ ಪ್ರತಿ ಸಲ ಕೇಳುದು. ತಂದೆ 'ಹೊಳೆ ಇತ್ತು ಉಮ್ಮ' ಅಂತ ಪ್ರತಿ ಸಲ ಹೇಳುದು."

ನಾನು ಚಾ ಕೆಳಗಿಟ್ಟೆ.

"ಪುತ್ತೂರಿನ ಪ್ರೆಸ್ಸಿನವರು ಹಾಳು ಮಾಡಿದ್ದಂತೆ ಅಲ್ವಾ? ಕತ್ತರಿಸಬೇಡಿ ಅಂತ ನೀವು ಅವರತ್ರ ಜಗಳವೇ ಮಾಡಿದ್ರಂತೆ. ಗೌಡ್ರು ಇಲ್ಲದಿದ್ರೆ ಇಷ್ಟೂ ಸಿಗ್ತಿರಲಿಲ್ಲ ಅಂತ ತಂದೆ ಎಲ್ಲರತ್ರ ಹೇಳ್ತಿದ್ರು. ಹೌದಾ?"

ನನ್ನ ಸುಳ್ಳನ್ನು ಅವರು ಇಷ್ಟು ವರ್ಷ ನನಗಿಂತ ಚಂದ ಮಾಡಿ ಇಟ್ಟುಕೊಂಡಿದ್ದರು. ಮಗನ ಹಿಂದೆ ಬಾಗಿಲಲ್ಲಿ ಅವನ ತಾಯಿ ನಿಂತಿದ್ದರು, ಅವರೂ ನನ್ನ ಉತ್ತರಕ್ಕೆ ಕಾಯುತ್ತಿದ್ದರು. ಸತ್ಯ ಹೇಳಲಿಕ್ಕೆ ಅದಕ್ಕಿಂತ ಒಳ್ಳೆಯ ಜಾಗ ನನಗೆ ಇನ್ನು ಸಿಗುವುದಿಲ್ಲ.

"ಹೌದು" ಎಂದೆ.

ಹೇಳುವಾಗ ನನ್ನ ಎಡಗೈ ಜೇಬಿನೊಳಗೆ ಇತ್ತು.